ಪರ್ವತ ಪ್ರದೇಶದ ಕಿರು ಅವಧಿಯ ಸೈಕಲ್ ಓಟ: ಇಳಿಜಾರಿನ ಹೊಣೆ ಯಾರದು? ‘ಟೂರ್ ಡಿ ಸ್ವೀಸ್’ ಕುರಿತು ಒಂದು ವಿಶ್ಲೇಷಣೆ

(ಸಾರ್ವಜನಿಕರ ಮಾಹಿತಿಗಾಗಿ: ಪ್ರಚಲಿತ ವಿದ್ಯಮಾನ)

1. ಪ್ರಸ್ತಾವನೆ

ಸಾರ್ವಜನಿಕ ರಸ್ತೆಯಲ್ಲಿ ಸೈಕಲ್ ಓಟ, ಜಾಥಾ, ಮ್ಯಾರಥಾನ್ ಮುಂತಾದ ಕಾರ್ಯಕ್ರಮಗಳನ್ನು ಏರ್ಪಡಿಸಲು ಬಯಸುವ ಸಂಘ ಸಂಸ್ಥೆಗಳು ಅನುಮತಿಗಾಗಿ ಅರ್ಜಿ ಸಲ್ಲಿಸುವ ಸಂದರ್ಭದಲ್ಲಿ, ಮಾರ್ಗದ ನಕ್ಷೆ, ವೈದ್ಯಕೀಯ ವ್ಯವಸ್ಥೆ, ಸ್ವಯಂಸೇವಕರ ನಿಯೋಜನೆ, ವಿಮೆ ಮುಂತಾದ ವಿವರಗಳನ್ನು ಕೇಳುವುದು ವಿನಾಕಾರಣದ ಕಾಗದಪತ್ರದ ಕೆಲಸವೆಂದು ಭಾವಿಸುವವರು ಇಲ್ಲದಿಲ್ಲ. ಆದರೆ ಈ ವಿವರಗಳಲ್ಲಿ ಪ್ರತಿಯೊಂದರ ಹಿಂದೆಯೂ ಎಲ್ಲೋ ಒಂದು ಕಡೆ ನಡೆದ ಘಟನೆಯೊಂದು ಇರುತ್ತದೆ. ನುರಿತ ಸಂಘಟಕರು, ಸುಸಜ್ಜಿತ ಆಸ್ಪತ್ರೆಗಳು ಮತ್ತು ಉತ್ತಮ ರಸ್ತೆಗಳನ್ನು ಹೊಂದಿರುವ ಸ್ವಿಟ್ಜರ್ಲೆಂಡ್ ದೇಶದಲ್ಲಿಯೇ ಪರ್ವತ ಮಾರ್ಗದ ಸೈಕಲ್ ಓಟವೊಂದು ಪ್ರಾಣಹಾನಿಗೆ ಸಾಕ್ಷಿಯಾಯಿತು. ಆ ಬಳಿಕ ವೃತ್ತಿಪರ ಸೈಕ್ಲಿಂಗ್ ಕ್ಷೇತ್ರದಲ್ಲಿ ಸುರಕ್ಷತೆಯ ಕುರಿತು ಆರಂಭವಾದ ಚರ್ಚೆ ಇನ್ನೂ ಮುಗಿದಿಲ್ಲ. ಈ ಹಿನ್ನೆಲೆಯಲ್ಲಿ ‘ಟೂರ್ ಡಿ ಸ್ವೀಸ್’ ಎಂಬ ಓಟದ ಸ್ವರೂಪ, 2023ರ ಘಟನೆ, ನಂತರದ ಕ್ರಮಗಳು ಮತ್ತು ಅವುಗಳಿಂದ ಸಾರ್ವಜನಿಕರು ತಿಳಿಯಬೇಕಾದ ಅಂಶಗಳನ್ನು ಈ ಕೆಳಗೆ ವಿವರಿಸಲಾಗಿದೆ.

2. ಓಟದ ಸ್ವರೂಪ

ವೃತ್ತಿಪರ ರಸ್ತೆ ಸೈಕ್ಲಿಂಗ್‌ನಲ್ಲಿ ಹಲವು ದಿನಗಳ ಕಾಲ ನಡೆಯುವ ಸ್ಪರ್ಧೆಗಳನ್ನು ಸ್ಥೂಲವಾಗಿ ಎರಡು ವಿಧವಾಗಿ ವಿಂಗಡಿಸಬಹುದು. ಫ್ರಾನ್ಸ್, ಇಟಲಿ ಮತ್ತು ಸ್ಪೇನ್ ದೇಶಗಳಲ್ಲಿ ಮೂರು ವಾರಗಳ ಕಾಲ ನಡೆಯುವ ಮಹಾ ಓಟಗಳು ಒಂದು ವಿಧವಾದರೆ, ಮೂರು ದಿನಗಳಿಂದ ಸುಮಾರು ಒಂದು ವಾರದವರೆಗೆ ನಡೆಯುವ ಕಿರು ಅವಧಿಯ ಓಟಗಳು ಮತ್ತೊಂದು ವಿಧ. ಪ್ರತಿ ದಿನದ ಓಟವನ್ನು ಒಂದು ಹಂತವೆಂದು ಕರೆಯಲಾಗುತ್ತದೆ. ಎಲ್ಲ ಹಂತಗಳ ಸಮಯವನ್ನು ಕೂಡಿದಾಗ ಯಾರ ಒಟ್ಟು ಸಮಯ ಅತ್ಯಂತ ಕಡಿಮೆಯೋ ಅವರೇ ಅಂತಿಮ ವಿಜೇತರು.

ಟೂರ್ ಡಿ ಸ್ವೀಸ್ ಎರಡನೆಯ ವಿಧಕ್ಕೆ ಸೇರಿದ್ದು, ಮೊದಲ ಬಾರಿಗೆ 1933ರಲ್ಲಿ ನಡೆಯಿತು. ಆಸ್ಟ್ರಿಯಾದ ಮ್ಯಾಕ್ಸ್ ಬುಲ್ಲಾ ಅದರ ಮೊದಲ ವಿಜೇತರು. ಇಟಲಿಯ ಪಾಸ್ಕ್ವಾಲೆ ಫೋರ್ನಾರಾ 1952ರಿಂದ 1958ರ ಅವಧಿಯಲ್ಲಿ ನಾಲ್ಕು ಬಾರಿ ಗೆದ್ದಿರುವುದು ದಾಖಲೆಯಾಗಿದೆ. ಜುಲೈ ತಿಂಗಳ ಟೂರ್ ಡಿ ಫ್ರಾನ್ಸ್‌ಗೆ ಮುನ್ನ ಜೂನ್ ತಿಂಗಳಿನಲ್ಲಿ ನಡೆಯುವುದರಿಂದ, ಅನೇಕ ಪ್ರಮುಖ ಸ್ಪರ್ಧಿಗಳು ಇದನ್ನು ತಮ್ಮ ಸಿದ್ಧತೆಯ ಕೊನೆಯ ಪರೀಕ್ಷೆಯೆಂದು ಪರಿಗಣಿಸುತ್ತಾರೆ. ಕಿರು ಅವಧಿಯ ಪ್ರಮುಖ ಓಟಗಳಲ್ಲಿ ಒಂದು ತಂಡದಿಂದ ಏಳು ಮಂದಿ ಪಾಲ್ಗೊಳ್ಳುತ್ತಾರೆ.

ದೇಶದ ಭೂಗುಣವೇ ಈ ಓಟದ ಗುಣವನ್ನು ನಿರ್ಧರಿಸುತ್ತದೆ. ಆಲ್ಪ್ಸ್ ಪರ್ವತಶ್ರೇಣಿಯನ್ನು ದಾಟುವ ರಸ್ತೆಗಳು 2,000 ಮೀಟರಿಗಿಂತ ಎತ್ತರದ ಘಟ್ಟಗಳನ್ನು ಏರಿ ಇಳಿಯುತ್ತವೆ. ಸ್ಪರ್ಧಿಗಳು ಒಂದೇ ದಿನದಲ್ಲಿ ಇಂತಹ ಎರಡು ಅಥವಾ ಮೂರು ಘಟ್ಟಗಳನ್ನು ದಾಟಬೇಕಾಗಿ ಬರುವುದುಂಟು.

3. ಸಮಯದ ಲೆಕ್ಕ

ಮೂರು ವಾರಗಳ ಓಟದಲ್ಲಿ ಒಂದು ದಿನ ಕಳೆದುಕೊಂಡ ಅರ್ಧ ನಿಮಿಷವನ್ನು ಮತ್ತೊಂದು ದಿನ ಮರಳಿ ಪಡೆಯಲು ಅವಕಾಶವಿರುತ್ತದೆ. ಕಿರು ಅವಧಿಯ ಓಟದಲ್ಲಿ ಆ ಅವಕಾಶ ವಿರಳ. ದಿನಗಳು ಕಡಿಮೆಯಾದಷ್ಟೂ ಒಂದೊಂದು ಸೆಕೆಂಡಿನ ಬೆಲೆ ಹೆಚ್ಚುತ್ತದೆ. 2023ರ ಟೂರ್ ಡಿ ಸ್ವೀಸ್‌ನಲ್ಲಿ ಡೆನ್ಮಾರ್ಕಿನ ಮಟಿಯಾಸ್ ಶೆಲ್ಮೋಸ ಅವರು ಸ್ಪೇನಿನ ಹುವಾನ್ ಅಯುಸೊ ಅವರಿಗಿಂತ ಕೇವಲ 9 ಸೆಕೆಂಡುಗಳಿಂದ ಮುಂದಿದ್ದು ಜಯಗಳಿಸಿದರು.

ಈ 9 ಸೆಕೆಂಡುಗಳ ಅರ್ಥವನ್ನು ಲೆಕ್ಕ ಹಾಕಿ ನೋಡಬಹುದು. ಗಂಟೆಗೆ 18 ಕಿ.ಮೀ. ವೇಗದಲ್ಲಿ ಘಟ್ಟ ಏರುವ ಸ್ಪರ್ಧಿಯು 9 ಸೆಕೆಂಡುಗಳಲ್ಲಿ 45 ಮೀಟರ್ ಕ್ರಮಿಸುತ್ತಾನೆ. ಅದೇ ಸ್ಪರ್ಧಿಯು ಗಂಟೆಗೆ 72 ಕಿ.ಮೀ. ವೇಗದಲ್ಲಿ ಇಳಿಯುವಾಗ ಅಷ್ಟೇ ಅವಧಿಯಲ್ಲಿ 180 ಮೀಟರ್ ಕ್ರಮಿಸುತ್ತಾನೆ. ಏರಿನಲ್ಲಿ ಸೆಕೆಂಡುಗಳನ್ನು ಉಳಿಸಲು ಬೇಕಾದುದು ಶ್ವಾಸಕೋಶ ಮತ್ತು ಕಾಲುಗಳ ಶಕ್ತಿ. ಅಲ್ಲಿ ಶಕ್ತಿ ಮುಗಿದರೆ ಸ್ಪರ್ಧಿ ಹಿಂದುಳಿಯುತ್ತಾನೆ, ಅಷ್ಟೆ. ಇಳಿಜಾರಿನಲ್ಲಿ ಸೆಕೆಂಡುಗಳನ್ನು ಉಳಿಸಲು ತಿರುವಿನ ಮುನ್ನ ಬ್ರೇಕ್ ಹಿಡಿಯುವುದನ್ನು ತಡಮಾಡಬೇಕು. ವೇಗ ಎರಡು ಪಟ್ಟಾದರೆ ನಿಲ್ಲಲು ಬೇಕಾಗುವ ಬ್ರೇಕಿನ ದೂರ ಸುಮಾರು ನಾಲ್ಕು ಪಟ್ಟಾಗುತ್ತದೆ. ಹೀಗಾಗಿ ಅಲ್ಲಿ ಲೆಕ್ಕ ತಪ್ಪಿದಾಗ ನಷ್ಟವು ಕೇವಲ ಸಮಯದ್ದಾಗಿ ಉಳಿಯುವುದಿಲ್ಲ.

4. 2023ರ ಜೂನ್ 15ರ ಘಟನೆ

2023ರ ಓಟವು ಜೂನ್ 11ರಿಂದ 18ರವರೆಗೆ ಎಂಟು ಹಂತಗಳಲ್ಲಿ ನಿಗದಿಯಾಗಿತ್ತು. ಜೂನ್ 15ರಂದು ನಡೆದ ಐದನೆಯ ಹಂತವು ಫೀಶ್ ಎಂಬ ಊರಿನಿಂದ ಲಾ ಪುಂಟ್ ಎಂಬ ಊರಿನವರೆಗೆ 211 ಕಿ.ಮೀ. ಉದ್ದವಿದ್ದು, ಫುರ್ಕಾ, ಓಬರಾಲ್ಪ್ ಮತ್ತು ಆಲ್ಬುಲಾ ಎಂಬ ಮೂರು ಘಟ್ಟಗಳನ್ನು ಒಳಗೊಂಡಿತ್ತು. ಕೊನೆಯದಾದ ಆಲ್ಬುಲಾ ಘಟ್ಟದ ನೆತ್ತಿ ಸಮುದ್ರಮಟ್ಟದಿಂದ ಸುಮಾರು 2,300 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಅಂತಿಮ ಗೆರೆಯವರೆಗೆ ಉಳಿದಿದ್ದುದು ಸುಮಾರು 10 ಕಿ.ಮೀ. ದೂರ, ಸುಮಾರು 600 ಮೀಟರ್ ಇಳಿತ.

ಈ ಇಳಿಜಾರಿನಲ್ಲಿ ಸ್ವಿಟ್ಜರ್ಲೆಂಡಿನ 26 ವರ್ಷದ ಜಿನೊ ಮೇಡರ್ ರಸ್ತೆಯಿಂದ ಆಚೆಗೆ ಕಮರಿಗೆ ಬಿದ್ದರು. ರಸ್ತೆಯಿಂದ ಸಾಕಷ್ಟು ಕೆಳಗೆ ನೀರಿನಲ್ಲಿ ಅವರು ಪತ್ತೆಯಾದರು. ಸ್ಥಳದಲ್ಲಿಯೇ ಪುನಶ್ಚೇತನ ಚಿಕಿತ್ಸೆ ನೀಡಿ ಹೆಲಿಕಾಪ್ಟರ್ ಮೂಲಕ ಕೂರ್ ನಗರದ ಆಸ್ಪತ್ರೆಗೆ ಸಾಗಿಸಲಾಯಿತಾದರೂ ಮರುದಿನ, ಜೂನ್ 16ರಂದು, ಅವರು ನಿಧನರಾದರು. ಅದೇ ಇಳಿಜಾರಿನಲ್ಲಿ ಬಿದ್ದ ಅಮೆರಿಕದ ಮ್ಯಾಗ್ನಸ್ ಶೆಫೀಲ್ಡ್ ತಲೆಗೆ ಪೆಟ್ಟಾಗಿ ಓಟದಿಂದ ಹೊರಗುಳಿದರು.

ಮೇಡರ್ ಅನನುಭವಿ ಸ್ಪರ್ಧಿಯಾಗಿರಲಿಲ್ಲ. 2021ರಲ್ಲಿ ಅವರು ಇಟಲಿಯ ಮಹಾ ಓಟದ ಒಂದು ಹಂತವನ್ನೂ, ಟೂರ್ ಡಿ ಸ್ವೀಸ್‌ನ ಒಂದು ಹಂತವನ್ನೂ ಗೆದ್ದಿದ್ದರು. ಅದೇ ವರ್ಷ ಸ್ಪೇನಿನ ಮಹಾ ಓಟದಲ್ಲಿ ಐದನೆಯ ಸ್ಥಾನ ಪಡೆದು, ಕಿರಿಯ ಸ್ಪರ್ಧಿಗಳ ಪೈಕಿ ಮೊದಲಿಗರಾಗಿದ್ದರು. ಆ ಓಟದ ಪ್ರತಿ ಹಂತದಲ್ಲಿ ತಾವು ಹಿಂದಿಕ್ಕಿದ ಒಬ್ಬೊಬ್ಬ ಸ್ಪರ್ಧಿಗೆ ಒಂದು ಯೂರೋದಂತೆ ಪರಿಸರ ಕಾರ್ಯಕ್ಕೆ ದೇಣಿಗೆ ನೀಡಿದ್ದನ್ನು ಕ್ರೀಡಾಭಿಮಾನಿಗಳು ಇಂದಿಗೂ ನೆನೆಯುತ್ತಾರೆ.

ಆರನೆಯ ಹಂತದ ಸ್ಪರ್ಧೆಯನ್ನು ರದ್ದುಪಡಿಸಿ, ಅದರ ಸ್ಥಾನದಲ್ಲಿ ಸ್ಪರ್ಧಿಗಳೆಲ್ಲರೂ ಒಟ್ಟಾಗಿ ಸ್ಮರಣಾರ್ಥ ಸವಾರಿ ನಡೆಸಿದರು. ಮೇಡರ್ ಅವರ ತಂಡವೂ, ಇತರ ಕೆಲವು ತಂಡಗಳು ಹಾಗೂ ಸ್ಪರ್ಧಿಗಳೂ ಓಟದಿಂದ ಹಿಂದೆ ಸರಿದರು. ಕುಟುಂಬದವರೊಂದಿಗೆ ಸಮಾಲೋಚಿಸಿದ ನಂತರ ಉಳಿದ ಎರಡು ಹಂತಗಳನ್ನು ಮುಂದುವರಿಸಲಾಯಿತು. ಏಳನೆಯ ಹಂತದಲ್ಲಿ ಅಂತಿಮ ಗೆರೆಗೆ 25 ಕಿ.ಮೀ. ಇರುವಾಗಲೇ ಸಮಯವನ್ನು ದಾಖಲಿಸಿ, ಒಟ್ಟು ಸ್ಥಾನಕ್ಕಾಗಿ ಕೊನೆಯವರೆಗೆ ಸೆಣಸುವ ಒತ್ತಡದಿಂದ ಸ್ಪರ್ಧಿಗಳನ್ನು ಮುಕ್ತಗೊಳಿಸಲಾಯಿತು.

5. ಪರ ಮತ್ತು ವಿರೋಧ ಅಭಿಪ್ರಾಯಗಳು

ಘಟ್ಟದ ನೆತ್ತಿಯಲ್ಲಿ ಓಟವನ್ನು ಮುಗಿಸುವ ಬದಲು ಕಡಿದಾದ ಇಳಿಜಾರಿನ ಬುಡದಲ್ಲಿ ಮುಗಿಸಿದ್ದು ಸರಿಯೇ ಎಂಬ ಪ್ರಶ್ನೆಯನ್ನು ಆ ವರ್ಷದ ವಿಶ್ವ ಚಾಂಪಿಯನ್ ಉಡುಪಿನಲ್ಲಿ ಓಡುತ್ತಿದ್ದ ಬೆಲ್ಜಿಯಂನ ರೆಮ್ಕೊ ಎವೆನೆಪೂಲ್ ಅಂದೇ ಎತ್ತಿದ್ದರು. ನೆತ್ತಿಯಿಂದ ನೇರವಾಗಿ ಅಂತಿಮ ಗೆರೆಗೆ ಇಳಿಯುವ ಮಾರ್ಗವಿದ್ದಾಗ, ಮೇಲೆ ಕೆಲವು ಸೆಕೆಂಡು ಹಿಂದುಳಿದವರೆಲ್ಲರೂ ಕೆಳಗೆ ಅದನ್ನು ತುಂಬಿಕೊಳ್ಳಲು ಯತ್ನಿಸುವುದು ಸಹಜ. ಮಾರ್ಗದ ಆಯ್ಕೆಯೇ ಅಪಾಯಕ್ಕೆ ಆಹ್ವಾನ ನೀಡುತ್ತದೆಂಬುದು ಈ ವಾದದ ತಿರುಳು.

ಇದಕ್ಕೆ ಪ್ರತಿಯಾಗಿ, ಇಳಿಯುವುದೂ ಸೈಕ್ಲಿಂಗ್ ಕೌಶಲ್ಯದ ಅವಿಭಾಜ್ಯ ಅಂಗವೆಂದೂ, ಪರ್ವತ ಪ್ರದೇಶದಲ್ಲಿ ಏರಿದ ಮೇಲೆ ಇಳಿಯದೆ ಗತ್ಯಂತರವಿಲ್ಲವೆಂದೂ, ಎಷ್ಟು ವೇಗದಲ್ಲಿ ಇಳಿಯಬೇಕೆಂಬುದನ್ನು ಅಂತಿಮವಾಗಿ ಸ್ಪರ್ಧಿಯೇ ನಿರ್ಧರಿಸುತ್ತಾನೆಂದೂ ವಾದಿಸುವವರಿದ್ದಾರೆ. ಈ ವಾದದಲ್ಲಿಯೂ ಸತ್ಯಾಂಶವಿದೆ. ಆದರೆ ಸ್ಪರ್ಧಿಯ ನಿರ್ಧಾರವು ಶೂನ್ಯದಲ್ಲಿ ನಡೆಯುವುದಿಲ್ಲ. ಅಂತಿಮ ಗೆರೆಯನ್ನು ಎಲ್ಲಿ ಎಳೆಯಬೇಕು, ಯಾವ ತಿರುವಿನಲ್ಲಿ ತಡೆಗೋಡೆ ಅಥವಾ ಮೆತ್ತೆ ಇರಿಸಬೇಕು, ಎಲ್ಲಿ ಸಿಳ್ಳೆ ಮತ್ತು ಬಾವುಟ ಹಿಡಿದ ವ್ಯಕ್ತಿ ನಿಲ್ಲಬೇಕು ಎಂಬುದು ಸ್ಪರ್ಧಿಯ ಕೈಯಲ್ಲಿ ಇರುವುದಿಲ್ಲ. ಅದು ಸಂಘಟಕರು ಮತ್ತು ಅನುಮತಿ ನೀಡುವ ಪ್ರಾಧಿಕಾರಗಳು ಮೊದಲೇ ಮಾಡಿ ಮುಗಿಸಬೇಕಾದ ಕೆಲಸ.

6. ಅನುಮತಿಯ ಷರತ್ತುಗಳು

ಸ್ವಿಟ್ಜರ್ಲೆಂಡ್ 26 ಕ್ಯಾಂಟನ್‌ಗಳ, ಅಂದರೆ ಪ್ರಾಂತಗಳ, ಒಕ್ಕೂಟವಾಗಿದೆ. ಅಲ್ಲಿನ ರಸ್ತೆ ಸಂಚಾರ ಕಾಯ್ದೆಯ 52ನೆಯ ವಿಧಿಯಂತೆ ಸಾರ್ವಜನಿಕ ರಸ್ತೆಯಲ್ಲಿ ಸೈಕಲ್ ಸ್ಪರ್ಧೆ ನಡೆಸಲು, ಮಾರ್ಗವು ಹಾದುಹೋಗುವ ಪ್ರಾಂತಗಳ ಅನುಮತಿ ಅಗತ್ಯ. ಅನುಮತಿ ನೀಡಲು ಈ ಕೆಳಕಂಡ ನಾಲ್ಕು ಷರತ್ತುಗಳು ಪೂರೈಸಿರಬೇಕು:

(ಅ) ಕಾರ್ಯಕ್ರಮವನ್ನು ಕ್ರಮಬದ್ಧವಾಗಿ ನಡೆಸುವರೆಂಬ ಭರವಸೆಯನ್ನು ಸಂಘಟಕರು ಮೂಡಿಸಿರಬೇಕು;
(ಆ) ಸಾಮಾನ್ಯ ಸಂಚಾರದ ಸ್ಥಿತಿಯು ಅದಕ್ಕೆ ಅವಕಾಶ ನೀಡುವಂತಿರಬೇಕು;
(ಇ) ಅಗತ್ಯ ಸುರಕ್ಷತಾ ಕ್ರಮಗಳನ್ನು ಕೈಗೊಂಡಿರಬೇಕು;
(ಈ) ನಿಗದಿತ ಹೊಣೆಗಾರಿಕೆ ವಿಮೆಯನ್ನು ಮಾಡಿಸಿರಬೇಕು.

ಮೇಲೆ ಹೇಳಿದ ಐದನೆಯ ಹಂತದ ಮಾರ್ಗವನ್ನೇ ಉದಾಹರಣೆಯಾಗಿ ತೆಗೆದುಕೊಂಡರೆ, ಅದು ವಾಲೆ ಪ್ರಾಂತದಲ್ಲಿ ಆರಂಭವಾಗಿ, ಫುರ್ಕಾ ಘಟ್ಟದ ನೆತ್ತಿಯಲ್ಲಿ ಊರಿ ಎಂಬ ಪ್ರಾಂತವನ್ನು ಪ್ರವೇಶಿಸಿ, ಓಬರಾಲ್ಪ್ ಘಟ್ಟದ ನೆತ್ತಿಯಲ್ಲಿ ಗ್ರೌಬುಂಡನ್ ಪ್ರಾಂತವನ್ನು ಪ್ರವೇಶಿಸುತ್ತದೆ. ಒಂದೇ ದಿನ, ಒಂದೇ ಓಟ. ಆದರೆ ಮೂರು ಆಡಳಿತಗಳು. ಗಡಿಯ ಈಚೆಗೂ ಆಚೆಗೂ ಪೊಲೀಸರು, ರಸ್ತೆ ನಿರ್ವಹಣೆಯವರು ಮತ್ತು ಆಂಬುಲೆನ್ಸ್ ಸೇವೆಗಳು ಬೇರೆ ಬೇರೆ. ಓಟದೊಂದಿಗೆ ಗಡಿ ದಾಟಿ ಸಾಗುವವರು ಸಂಘಟಕರು ಮಾತ್ರ. ಆದುದರಿಂದ ಅನುಮತಿ ಪತ್ರಗಳು ಎಷ್ಟೇ ಇದ್ದರೂ, ಇಡೀ ಮಾರ್ಗದ ಒಟ್ಟು ಚಿತ್ರಣವನ್ನು ಹೊಂದಿರಬೇಕಾದ ಹೊಣೆ ಸಂಘಟಕರದ್ದೇ ಆಗಿರುತ್ತದೆ.

7. ಓಟವನ್ನು ನಿಲ್ಲಿಸುವ ಅಧಿಕಾರ

2024ರಲ್ಲಿ ನಡೆದ ಎರಡು ಕಿರು ಅವಧಿಯ ಓಟಗಳು ಈ ವಿಷಯದ ಮತ್ತೊಂದು ಮುಖವನ್ನು ತೋರಿಸಿದವು.

ಸ್ಪೇನಿನ ಬಾಸ್ಕ್ ಪ್ರದೇಶದಲ್ಲಿ ಆರು ಹಂತಗಳಲ್ಲಿ ನಡೆಯುವ ಓಟದ ನಾಲ್ಕನೆಯ ಹಂತದಲ್ಲಿ, 2024ರ ಏಪ್ರಿಲ್ 4ರಂದು, ಇಳಿಜಾರಿನ ತಿರುವೊಂದರಲ್ಲಿ ಹಲವು ಸ್ಪರ್ಧಿಗಳು ಒಟ್ಟಿಗೆ ರಸ್ತೆಯಿಂದ ಹೊರಬಿದ್ದರು. ರಸ್ತೆಯಂಚಿನಲ್ಲಿ ಕಾಂಕ್ರೀಟಿನ ಚರಂಡಿ, ಮರಗಳು ಮತ್ತು ಬಂಡೆಗಳಿದ್ದವು. ಟೂರ್ ಡಿ ಫ್ರಾನ್ಸ್ ಅನ್ನು ಎರಡು ಬಾರಿ ಗೆದ್ದಿದ್ದ ಡೆನ್ಮಾರ್ಕಿನ ಯೋನಾಸ್ ವಿಂಗೆಗೋರ್ ಅವರ ಕೊರಳೆಲುಬು ಹಾಗೂ ಪಕ್ಕೆಲುಬುಗಳು ಮುರಿದು ಶ್ವಾಸಕೋಶಕ್ಕೆ ಹಾನಿಯಾಯಿತು. ಆಸ್ಟ್ರೇಲಿಯಾದ ಜೇ ವೈನ್ ಅವರ ಬೆನ್ನುಮೂಳೆಗೆ ಪೆಟ್ಟಾಯಿತು. ಆ ದಿನದ ಸಮಯವನ್ನು ಒಟ್ಟು ಲೆಕ್ಕಕ್ಕೆ ಪರಿಗಣಿಸಲಿಲ್ಲ. ಆದರೆ ಅಪಘಾತಕ್ಕೆ ಮುನ್ನವೇ ಮುಂದೆ ಸಾಗಿದ್ದ ಆರು ಮಂದಿಗೆ ಹಂತದ ಗೆಲುವಿಗಾಗಿ ಸ್ಪರ್ಧಿಸಲು ಅವಕಾಶ ನೀಡಲಾಯಿತು.

ಎರಡು ತಿಂಗಳ ಬಳಿಕ, ಜೂನ್ 6ರಂದು, ಫ್ರಾನ್ಸಿನ ‘ಕ್ರಿಟೇರಿಯಂ ಡು ಡೋಫಿನೆ’ ಓಟದ ಐದನೆಯ ಹಂತದಲ್ಲಿ ಒದ್ದೆ ರಸ್ತೆಯ ಮೇಲೆ ಅನೇಕರು ಜಾರಿ ಬಿದ್ದರು. ಅಂತಿಮ ಗೆರೆಗೆ ಸುಮಾರು 21 ಕಿ.ಮೀ. ಉಳಿದಿತ್ತು. ಓಟದೊಂದಿಗೆ ಸಾಗುತ್ತಿದ್ದ ವೈದ್ಯಕೀಯ ವಾಹನಗಳೆಲ್ಲವೂ ಗಾಯಾಳುಗಳ ಆರೈಕೆಯಲ್ಲಿ ತೊಡಗಿದ್ದರಿಂದ ಮುಂದಿನ ದಾರಿಗೆ ಒಂದು ವಾಹನವೂ ಲಭ್ಯವಿರಲಿಲ್ಲ. ಸಂಘಟಕರು ಓಟವನ್ನು ಅಲ್ಲಿಗೇ ನಿಲ್ಲಿಸಿದರು. ಆ ಹಂತಕ್ಕೆ ವಿಜೇತರೂ ಇಲ್ಲ, ಸಮಯದ ಲೆಕ್ಕವೂ ಇಲ್ಲವೆಂದು ಘೋಷಿಸಲಾಯಿತು. ಆ ವರ್ಷದ ಓಟವು ಅಂತಿಮವಾಗಿ ಕೇವಲ 8 ಸೆಕೆಂಡುಗಳ ಅಂತರದಲ್ಲಿ ನಿರ್ಣಯವಾಯಿತೆಂಬುದನ್ನು ಗಮನಿಸಿದರೆ, ಒಂದು ಇಡೀ ದಿನದ ಲೆಕ್ಕವನ್ನು ಕೈಬಿಟ್ಟ ಆ ನಿರ್ಧಾರದ ತೂಕ ಅರಿವಾಗುತ್ತದೆ.

ಈ ಎರಡು ಘಟನೆಗಳಿಂದ ಹೊರಡುವ ಸೂತ್ರ ಸರಳವಾದುದು: ಕೊನೆಯ ಆಂಬುಲೆನ್ಸ್ ಓಟವನ್ನು ಬಿಟ್ಟು ಹೊರಟ ಕ್ಷಣದಿಂದ ಓಟವು ಮುಂದುವರಿಯುವಂತಿಲ್ಲ. ಆ ಕ್ಷಣದಲ್ಲಿ ನಿರ್ಧಾರ ಕೈಗೊಳ್ಳುವವರು ಯಾರೆಂಬುದು ಓಟ ಆರಂಭವಾಗುವ ಮೊದಲೇ ನಿಶ್ಚಯವಾಗಿರಬೇಕು.

8. ಕಾಣೆಯಾದವರನ್ನು ಹುಡುಕುವ ಪ್ರಶ್ನೆ

2024ರ ಸೆಪ್ಟೆಂಬರ್ 26ರಂದು ಜ್ಯೂರಿಕ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನ ಕಿರಿಯ ಮಹಿಳೆಯರ ಓಟದಲ್ಲಿ 18 ವರ್ಷದ ಮ್ಯೂರಿಯೆಲ್ ಫುರರ್ ಕಾಡಿನ ನಡುವಿನ ಇಳಿಜಾರಿನಲ್ಲಿ ಬಿದ್ದರು. ಅವರು ಬಿದ್ದಿರುವುದು ಬಹಳ ಹೊತ್ತು ಯಾರ ಗಮನಕ್ಕೂ ಬರಲಿಲ್ಲ. ಮರುದಿನ ಅವರು ನಿಧನರಾದರು. ಇದು ಬಹುಹಂತದ ಓಟವಲ್ಲದಿದ್ದರೂ, ಮೇಡರ್ ಅವರ ಸಾವಿನ ಹದಿನೈದು ತಿಂಗಳ ನಂತರ ಅದೇ ದೇಶದ ಮತ್ತೊಂದು ಇಳಿಜಾರಿನಲ್ಲಿ ನಡೆದ ಈ ಘಟನೆಯು ಒಂದು ಪ್ರಶ್ನೆಯನ್ನು ಎಲ್ಲರ ಮುಂದಿಟ್ಟಿತು: ಸ್ಪರ್ಧಿಯೊಬ್ಬರು ಎಲ್ಲಿದ್ದಾರೆಂಬುದನ್ನು ಪ್ರತಿ ಕ್ಷಣವೂ ಬಲ್ಲವರು ಯಾರು?

ಸ್ಥಳ ಸೂಚಿಸುವ ಜಿ.ಪಿ.ಎಸ್. ಸಾಧನವನ್ನು ಪ್ರತಿ ಸೈಕಲ್ಲಿಗೂ ಅಳವಡಿಸುವುದು ಇದಕ್ಕೆ ಪರಿಹಾರವೆಂದು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು ಪರಿಗಣಿಸಿತು. ಆದರೆ ಪ್ರಯೋಗದ ದಾರಿ ಸುಗಮವಾಗಿರಲಿಲ್ಲ. 2025ರ ಆಗಸ್ಟ್‌ನಲ್ಲಿ ಸ್ವಿಟ್ಜರ್ಲೆಂಡಿನಲ್ಲಿಯೇ ಮಹಿಳೆಯರಿಗಾಗಿ ನಡೆದ ‘ಟೂರ್ ಡಿ ರೊಮಾಂಡಿ’ ಎಂಬ ಮೂರು ದಿನಗಳ ಓಟದಲ್ಲಿ, ಪ್ರತಿ ತಂಡವೂ ತನ್ನ ಒಬ್ಬ ಸ್ಪರ್ಧಿಯನ್ನು ಹೆಸರಿಸಿ 63 ಗ್ರಾಂ ತೂಕದ ಸಾಧನವನ್ನು ಅವರ ಸೈಕಲ್ಲಿಗೆ ಅಳವಡಿಸಬೇಕೆಂದು ಒಕ್ಕೂಟವು ಸೂಚಿಸಿತು. ಐದು ತಂಡಗಳು ಯಾರನ್ನೂ ಹೆಸರಿಸಲು ಒಪ್ಪಲಿಲ್ಲ. ಸುರಕ್ಷತೆಗೆ ತಮ್ಮ ವಿರೋಧವಿಲ್ಲ, ಆದರೆ ಒಬ್ಬರನ್ನು ಮಾತ್ರ ಆರಿಸುವ ಹೊಣೆಯನ್ನು ತಮ್ಮ ಮೇಲೆ ಹೊರಿಸಬಾರದು ಎಂಬುದು ಅವುಗಳ ನಿಲುವಾಗಿತ್ತು. ಆ ಐದೂ ತಂಡಗಳನ್ನು ಓಟ ಆರಂಭವಾಗುವ ಮೊದಲೇ ಹೊರಗಿಡಲಾಯಿತು. ಮರು ತಿಂಗಳು ರುವಾಂಡಾದ ಕಿಗಾಲಿಯಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಎಲ್ಲ ಸ್ಪರ್ಧಿಗಳಿಗೂ ಈ ವ್ಯವಸ್ಥೆಯನ್ನು ಅನ್ವಯಿಸಲಾಯಿತು.

ಸಾಧನವು ಇರಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಅದನ್ನು ಯಾರು ಕಟ್ಟಬೇಕು, ಮಾಹಿತಿ ಯಾರ ಸ್ವತ್ತು, ತಪ್ಪಾದರೆ ಹೊಣೆ ಯಾರದು ಎಂಬುದನ್ನು ಮೊದಲೇ ಲಿಖಿತವಾಗಿ ಇತ್ಯರ್ಥಪಡಿಸಿಕೊಳ್ಳದಿದ್ದುದೇ ತೊಡಕಿಗೆ ಕಾರಣವಾಯಿತು.

9. ನಿಯಮಗಳ ಬೆಳವಣಿಗೆ

ಸೈಕ್ಲಿಂಗ್ ಕ್ಷೇತ್ರದ ಸುರಕ್ಷತಾ ನಿಯಮಗಳು ಬಹುಮಟ್ಟಿಗೆ ಅವಘಡಗಳ ನಂತರವೇ ರೂಪುಗೊಂಡಿವೆ. 2003ರ ಮಾರ್ಚ್‌ನಲ್ಲಿ ‘ಪ್ಯಾರಿಸ್–ನೀಸ್’ ಎಂಬ ಕಿರು ಅವಧಿಯ ಓಟದಲ್ಲಿ ಕಜಕಿಸ್ತಾನದ ಆಂದ್ರೇ ಕಿವಿಲೇವ್ ತಲೆಗೆ ಪೆಟ್ಟಾಗಿ ಮೃತಪಟ್ಟ ಬಳಿಕ, ಅದೇ ವರ್ಷ ಹೆಲ್ಮೆಟ್ ಧಾರಣೆ ಕಡ್ಡಾಯವಾಯಿತು. ಅಲ್ಲಿಯವರೆಗೆ ಬಿಸಿಲಿನ ಏರಿನಲ್ಲಿ ಅದು ಹೊರೆಯೆಂದು ಸ್ಪರ್ಧಿಗಳೇ ವಿರೋಧಿಸುತ್ತಿದ್ದರು. 2016ರಲ್ಲಿ ಹಿಮ, ಬಿರುಗಾಳಿ, ಅತಿಯಾದ ಶಾಖ ಮುಂತಾದ ಸಂದರ್ಭಗಳಲ್ಲಿ ಓಟವನ್ನು ಮಾರ್ಪಡಿಸುವ ಅಥವಾ ರದ್ದುಪಡಿಸುವ ವಿಧಿವಿಧಾನ ಜಾರಿಗೆ ಬಂದಿತು. ಇಳಿಜಾರಿನಲ್ಲಿ ಆಸನವನ್ನು ಬಿಟ್ಟು ಸೈಕಲ್ಲಿನ ಮೇಲಿನ ಕೊಳವೆಯ ಮೇಲೆ ಮುದುಡಿ ಕೂರುವ ಭಂಗಿಯನ್ನು 2021ರ ಏಪ್ರಿಲ್‌ನಿಂದ ನಿಷೇಧಿಸಲಾಯಿತು. 2025ರ ಜನವರಿಯಿಂದ ಅಪಾಯಕಾರಿ ವರ್ತನೆಗೆ ಹಳದಿ ಕಾರ್ಡ್ ನೀಡಲಾಗುತ್ತಿದ್ದು, ಒಂದೇ ಓಟದಲ್ಲಿ ಎರಡು ಕಾರ್ಡ್ ಪಡೆದವರು ಆ ಓಟದಿಂದ ಹೊರಬೀಳುವುದರೊಂದಿಗೆ ಏಳು ದಿನಗಳ ಅಮಾನತಿಗೆ ಒಳಗಾಗುತ್ತಾರೆ. ಸ್ಪರ್ಧಿಗಳಿಗೆ ಮಾತ್ರವಲ್ಲದೆ ತಂಡದ ವಾಹನ ಚಾಲಕರು ಮುಂತಾದವರಿಗೂ ಈ ಕಾರ್ಡ್ ಅನ್ವಯಿಸುತ್ತದೆ.

ಎಲ್ಲ ಪ್ರಯತ್ನಗಳೂ ಫಲಿಸಿಲ್ಲ. ವೇಗವನ್ನು ತಗ್ಗಿಸುವ ಉದ್ದೇಶದಿಂದ ಸೈಕಲ್ಲಿನ ಗರಿಷ್ಠ ಗೇರನ್ನು ಮುಂದೆ 54 ಹಲ್ಲು, ಹಿಂದೆ 11 ಹಲ್ಲುಗಳಿಗೆ ಮಿತಿಗೊಳಿಸುವ ಪ್ರಯೋಗವನ್ನು 2025ರ ಅಕ್ಟೋಬರ್‌ನಲ್ಲಿ ಚೀನಾದ ಓಟವೊಂದರಲ್ಲಿ ನಡೆಸಲು ಒಕ್ಕೂಟವು ಉದ್ದೇಶಿಸಿತ್ತು. ಬಿಡಿಭಾಗ ತಯಾರಕ ಸಂಸ್ಥೆಯೊಂದರ ದೂರಿನ ಮೇರೆಗೆ ಬೆಲ್ಜಿಯಂನ ಸ್ಪರ್ಧಾ ಪ್ರಾಧಿಕಾರವು ಅದಕ್ಕೆ ತಡೆ ನೀಡಿತು. ಸದುದ್ದೇಶದ ನಿಯಮವೂ ಸಂಬಂಧಪಟ್ಟವರ ಅಹವಾಲನ್ನು ಆಲಿಸಿ, ಕಾರಣಗಳನ್ನು ದಾಖಲಿಸಿ ರೂಪಿಸಿದ್ದಾಗಿರಬೇಕೆಂಬುದನ್ನು ಇದು ನೆನಪಿಸುತ್ತದೆ.

10. ಐದು ದಿನಗಳ ಹೊಸ ಸ್ವರೂಪ

ಟೂರ್ ಡಿ ಸ್ವೀಸ್ ಅನ್ನು 2026ರಿಂದ ಐದು ದಿನಗಳಿಗೆ ಇಳಿಸಿ, ಪುರುಷರ ಮತ್ತು ಮಹಿಳೆಯರ ಓಟಗಳನ್ನು ಅದೇ ದಿನಗಳಲ್ಲಿ, ಅದೇ ಊರುಗಳಲ್ಲಿ ನಡೆಸುವ ನಿರ್ಧಾರವನ್ನು ಸಂಘಟಕರು 2025ರಲ್ಲಿ ಪ್ರಕಟಿಸಿದರು. ಇದನ್ನು ವೆಚ್ಚದ ದೃಷ್ಟಿಯಿಂದ ಪರಿಶೀಲಿಸುವುದು ಉಪಯುಕ್ತ. 2025ರಲ್ಲಿ ಮಹಿಳೆಯರ ಓಟ ಜೂನ್ 12ರಿಂದ 15ರವರೆಗೆ ನಾಲ್ಕು ಹಂತಗಳಲ್ಲಿಯೂ, ಪುರುಷರ ಓಟ ಜೂನ್ 15ರಿಂದ 22ರವರೆಗೆ ಎಂಟು ಹಂತಗಳಲ್ಲಿಯೂ ನಡೆದಿತ್ತು. ಅಂದರೆ ಒಟ್ಟು 12 ಹಂತಗಳಿಗಾಗಿ 11 ದಿನಗಳ ಕಾಲ ರಸ್ತೆ, ಪೊಲೀಸ್ ಮತ್ತು ವೈದ್ಯಕೀಯ ವ್ಯವಸ್ಥೆಗಳನ್ನು ಮೀಸಲಿರಿಸಬೇಕಾಗಿತ್ತು. ಹೊಸ ಸ್ವರೂಪದಲ್ಲಿ ಎರಡೂ ಓಟಗಳಿಗೆ ಐದೈದರಂತೆ 10 ಹಂತಗಳಿದ್ದು, ಅವುಗಳಿಗೆ ಬೇಕಾಗುವ ದಿನಗಳು 5 ಮಾತ್ರ. ಹಂತಗಳು ಎರಡು ಕಡಿಮೆಯಾದರೆ, ರಸ್ತೆ ಕಾಯುವ ದಿನಗಳು ಅರ್ಧಕ್ಕಿಂತ ಹೆಚ್ಚು ಕಡಿಮೆಯಾಗುತ್ತವೆ. ಜೊತೆಗೆ ಮಹಿಳೆಯರಿಗೆ ಪುರುಷರಷ್ಟೇ ದಿನಗಳ ಓಟ ದೊರೆಯುತ್ತದೆ.

ಆದರೆ ಲೆಕ್ಕದ ಇನ್ನೊಂದು ಬದಿಯೂ ಇದೆ. ಒಂದೇ ದಿನ ಒಂದೇ ಪ್ರದೇಶದಲ್ಲಿ ಎರಡು ಓಟಗಳು ಸಾಗುವಾಗ ಸ್ವಯಂಸೇವಕರು, ತಡೆಗೋಡೆಗಳು ಮತ್ತು ಆಂಬುಲೆನ್ಸ್‌ಗಳು ಎರಡು ಪಾಳಿಗೆ ಸಜ್ಜಾಗಿರಬೇಕು. ಎಂಟು ದಿನಗಳ ಓಟದಲ್ಲಿದ್ದ ಚೇತರಿಕೆಯ ಅವಕಾಶ ಐದು ದಿನಗಳಲ್ಲಿ ಇರುವುದಿಲ್ಲ. 2025ರಲ್ಲಿ ಪೋರ್ಚುಗಲ್‌ನ ಜುವಾಂವ್ ಅಲ್ಮೇಡಾ ಮೊದಲ ಹಂತದಲ್ಲಿಯೇ ಮೂರು ನಿಮಿಷಗಳಿಗೂ ಹೆಚ್ಚು ಹಿಂದುಳಿದರೂ ಕೊನೆಯ ದಿನದ ಒಂಟಿ ಓಟದಲ್ಲಿ ಪ್ರಥಮ ಸ್ಥಾನಕ್ಕೆ ಏರಿದರು. ಓಟವು ಗಿಡ್ಡವಾದಂತೆ ಇಂತಹ ತಾಳ್ಮೆಯ ಗೆಲುವು ಕಷ್ಟವಾಗುತ್ತದೆ. ಕಳೆದುಕೊಂಡ ಸಮಯವನ್ನು ಇಂದೇ, ಈ ಇಳಿಜಾರಿನಲ್ಲಿಯೇ ಮರಳಿ ಪಡೆಯಬೇಕೆಂಬ ಒತ್ತಡ ಹೆಚ್ಚುತ್ತದೆ. ಆದುದರಿಂದ ದಿನಗಳ ಕಡಿತದಿಂದ ಉಳಿಯುವ ಹಣದಲ್ಲಿ ಒಂದು ಪಾಲು ಇಳಿಜಾರುಗಳ ರಕ್ಷಣೆಗೆ ವಿನಿಯೋಗವಾಗುವುದು ನ್ಯಾಯೋಚಿತ.

11. ಅರ್ಜಿದಾರರು ಗಮನಿಸಬಹುದಾದ ಅಂಶಗಳು

ಕರ್ನಾಟಕದಲ್ಲಿ ಈ ಮಟ್ಟದ ವೃತ್ತಿಪರ ಓಟಗಳು ನಡೆಯುವುದಿಲ್ಲವಾದರೂ, ಘಟ್ಟದ ರಸ್ತೆಗಳಲ್ಲಿ ಹವ್ಯಾಸಿಗಳ ದೀರ್ಘ ಸವಾರಿಗಳು ನಡೆಯುತ್ತಿವೆ. ಬೆಂಗಳೂರಿನ ಉತ್ಸಾಹಿಗಳು 2008ರಲ್ಲಿ ಆರಂಭಿಸಿದ ‘ಟೂರ್ ಆಫ್ ನೀಲ್ಗಿರೀಸ್’ ಇದಕ್ಕೆ ಉದಾಹರಣೆ. ರಾಜ್ಯದ ಘಟ್ಟದ ರಸ್ತೆಗಳಲ್ಲಿ ಬಸ್ಸು, ಲಾರಿಗಳ ಸಂಚಾರ ನಿರಂತರವಾಗಿರುವುದರಿಂದ ಎಚ್ಚರಿಕೆಯ ಅಗತ್ಯ ಇನ್ನೂ ಹೆಚ್ಚು. ಇಂತಹ ಕಾರ್ಯಕ್ರಮಕ್ಕಾಗಿ ಅರ್ಜಿ ಸಲ್ಲಿಸುವವರು ಮೊದಲು ಈ ಕೆಳಕಂಡ ಪ್ರಶ್ನೆಗಳಿಗೆ ತಾವೇ ಉತ್ತರ ಕಂಡುಕೊಳ್ಳುವುದು ಒಳಿತು:

(1) ಕಾರ್ಯಕ್ರಮವು ಇಳಿಜಾರಿನ ಬುಡದಲ್ಲಿ ಮುಗಿಯುತ್ತದೆಯೇ? ನೆತ್ತಿಯಲ್ಲಿ ಅಥವಾ ಸಮತಟ್ಟಾದ ಸ್ಥಳದಲ್ಲಿ ಮುಗಿಸಲು ಸಾಧ್ಯವೇ?
(2) ಸಮಯ ದಾಖಲಿಸುವುದಿದ್ದರೆ ಏರಿಗೆ ಮಾತ್ರ ಸೀಮಿತಗೊಳಿಸಿ, ಇಳಿಜಾರನ್ನು ಲೆಕ್ಕದಿಂದ ಹೊರಗಿಡಬಹುದೇ?
(3) ಅಪಾಯಕಾರಿ ತಿರುವುಗಳನ್ನು ಖುದ್ದಾಗಿ ಪರಿಶೀಲಿಸಿ ಗುರುತಿಸಲಾಗಿದೆಯೇ? ಪ್ರತಿ ತಿರುವಿನಲ್ಲಿ ಯಾರು ನಿಲ್ಲುವರು?
(4) ಆಂಬುಲೆನ್ಸ್‌ಗಳೆಷ್ಟು? ಅವೆಲ್ಲವೂ ಗಾಯಾಳುಗಳೊಂದಿಗೆ ಹೊರಟುಹೋದರೆ ಕಾರ್ಯಕ್ರಮವನ್ನು ನಿಲ್ಲಿಸುವವರು ಯಾರು?
(5) ಹೊರಟವರೆಷ್ಟು, ತಲುಪಿದವರೆಷ್ಟು ಎಂಬುದನ್ನು ತಾಳೆ ನೋಡುವ ವ್ಯವಸ್ಥೆ ಮಾರ್ಗಮಧ್ಯದಲ್ಲಿ ಎಲ್ಲೆಲ್ಲಿ ಇದೆ?
(6) ಮಾರ್ಗವು ಒಂದಕ್ಕಿಂತ ಹೆಚ್ಚು ಜಿಲ್ಲೆ ಅಥವಾ ರಾಜ್ಯಗಳಲ್ಲಿ ಹಾದುಹೋಗುವುದಾದರೆ, ಪ್ರತಿ ಆಡಳಿತಕ್ಕೂ ಒಂದೇ ಮಾಹಿತಿ ತಲುಪಿದೆಯೇ?

ಐದನೆಯ ಪ್ರಶ್ನೆಗೆ ದುಬಾರಿ ಸಾಧನವೇನೂ ಅನಿವಾರ್ಯವಲ್ಲ. ಸಂಖ್ಯೆಗಳ ಪಟ್ಟಿ, ಒಂದು ಪೆನ್ನು ಮತ್ತು ಪಟ್ಟಿಯನ್ನು ಹಿಡಿದು ಕೊನೆಯ ಸವಾರ ಬರುವವರೆಗೆ ಸ್ಥಳ ಬಿಡದೆ ನಿಲ್ಲುವ ಒಬ್ಬ ವ್ಯಕ್ತಿ ಇದ್ದರೂ ಒಂದು ಜೀವ ಉಳಿಯಬಹುದು. ತುರ್ತು ಸಂದರ್ಭದಲ್ಲಿ 112 ಹಾಗೂ 108 ಸಂಖ್ಯೆಗಳು ಲಭ್ಯವಿದ್ದರೂ, ಘಟ್ಟದ ಎಲ್ಲ ಕಡೆ ಮೊಬೈಲ್ ಸಂಪರ್ಕ ದೊರೆಯುವುದಿಲ್ಲವೆಂಬುದನ್ನು ಮರೆಯಬಾರದು.

12. ಉಪಸಂಹಾರ

ಪರ್ವತದ ಓಟವು ಏರಿನಲ್ಲಿ ಗೆಲ್ಲುವ ಶಕ್ತಿಯನ್ನು ಪರೀಕ್ಷಿಸುತ್ತದೆ. ಇಳಿಜಾರಿನಲ್ಲಿ ಅದನ್ನು ಏರ್ಪಡಿಸಿದವರ ಸಿದ್ಧತೆಯನ್ನು ಪರೀಕ್ಷಿಸುತ್ತದೆ. 2023ರ ಓಟದ ವಿಜೇತರನ್ನೂ ಎರಡನೆಯವರನ್ನೂ ಬೇರ್ಪಡಿಸಿದ್ದು 9 ಸೆಕೆಂಡುಗಳು. ಆ ಅಂಕಿ ದಾಖಲೆಯಲ್ಲಿ ಉಳಿಯುತ್ತದೆ. ಆದರೆ ಆ ವರ್ಷದ ಓಟವನ್ನು ಜನರು ನೆನೆಯುವುದು ಊರಿಗೆ ಮರಳದ ಒಬ್ಬ ಯುವಕನ ಹೆಸರಿನಿಂದ. ಇಳಿಜಾರಿನ ಹೊಣೆಯನ್ನು ಸ್ಪರ್ಧಿ, ಸಂಘಟಕರು ಮತ್ತು ಆಡಳಿತ ಈ ಮೂವರೂ ಹಂಚಿಕೊಳ್ಳಬೇಕು. ಮೂವರಲ್ಲಿ ಸಾಕಷ್ಟು ಮುಂಚಿತವಾಗಿ, ಅವಸರವಿಲ್ಲದೆ ಯೋಚಿಸಲು ಸಮಯವಿರುವುದು ಕೊನೆಯ ಇಬ್ಬರಿಗೆ ಮಾತ್ರ. ಅರ್ಜಿ ನಮೂನೆಯಲ್ಲಿನ ಪ್ರಶ್ನೆಗಳು ಆ ಯೋಚನೆಗಾಗಿಯೇ ಇರುವಂತಹವು.

ವಿ.ಸೂ.: ಈ ಬರಹವನ್ನು ಸಾರ್ವಜನಿಕರ ಮಾಹಿತಿಗಾಗಿ ಮಾತ್ರ ಪ್ರಕಟಿಸಲಾಗಿದೆ. ಇದನ್ನು ಸರ್ಕಾರದ ಆದೇಶ ಅಥವಾ ಸುತ್ತೋಲೆಯೆಂದು ಪರಿಗಣಿಸತಕ್ಕದ್ದಲ್ಲ. ಅನುಮತಿಗೆ ಸಂಬಂಧಿಸಿದ ನಿಖರ ವಿವರಗಳಿಗಾಗಿ ಆಯಾ ಜಿಲ್ಲಾಡಳಿತ ಹಾಗೂ ಪೊಲೀಸ್ ಕಚೇರಿಯನ್ನು ಸಂಪರ್ಕಿಸಲು ಕೋರಿದೆ.